ಕ್ರೀಸಸ್ ದೊರೆಯ ಪ್ರಶ್ನೆ

ಸುಖವೆಂದರೇನು ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ. ಸುಖಿಯಾದವನು ಯಾರು ಎಂಬುದು ಚರಿತ್ರೆಯ ಪ್ರಶ್ನೆ. ಮೊದಲನೆಯದಕ್ಕೆ ಕುಳಿತಲ್ಲಿಯೇ ಆಲೋಚಿಸಿ ಉತ್ತರ ಹೇಳಬಹುದು. ಎರಡನೆಯದಕ್ಕಾದರೋ ಒಬ್ಬ ಮನುಷ್ಯನ ಹೆಸರನ್ನು ಹೇಳಬೇಕು; ಅವನ ಊರು ಯಾವುದು, ಅವನು ಹೇಗೆ ಬಾಳಿದನು, ಹೇಗೆ ಸತ್ತನು ಎಂಬುದನ್ನು ಹೇಳಬೇಕು. ಹೆಸರು ಹೇಳುವುದಕ್ಕೆ ನಾವೆಲ್ಲರೂ ಹಿಂದೆಗೆಯುತ್ತೇವೆ. ನೆರೆಮನೆಯವನು ಸುಖಿಯೆನ್ನೋಣವೆಂದರೆ ಅವನ ಮನೆಯೊಳಗಿನ ಸಂಗತಿ ನಮಗೆ ತಿಳಿಯದು. ನಮ್ಮ ಹೆಸರನ್ನೇ ಹೇಳಿಕೊಳ್ಳೋಣವೆಂದರೆ ದೃಷ್ಟಿ ತಾಗೀತೆಂಬ ಅಂಜಿಕೆ. ಈ ಎರಡನೆಯ ಪ್ರಶ್ನೆಯನ್ನು ಸುಮಾರು 2,500 ವರ್ಷಗಳ ಹಿಂದೆ ಒಬ್ಬ ದೊರೆ ಒಬ್ಬ ಪ್ರವಾಸಿಯನ್ನು ಕೇಳಿದನೆಂದೂ, ಆ ಪ್ರವಾಸಿಯು ಹಿಂದೆಗೆಯದೆ ಹೆಸರು ಹೇಳಿದನೆಂದೂ ಗ್ರೀಕರ ಚರಿತ್ರಕಾರನಾದ ಹೆರೊಡೋಟಸನು ಬರೆದಿದ್ದಾನೆ. ಕಥೆ ಪ್ರಸಿದ್ಧವಾದುದೇ. ಆದರೂ ಪ್ರಸಿದ್ಧವಾದ ಕಥೆಗಳನ್ನು ಮತ್ತೊಮ್ಮೆ ನಿಧಾನವಾಗಿ ಓದುವುದರಿಂದ ನಷ್ಟವೇನೂ ಇಲ್ಲ. ಹಲವು ವೇಳೆ ಅವುಗಳ ಪ್ರಸಿದ್ಧಿಯೇ ಅವುಗಳ ತಿರುಳನ್ನು ಮುಚ್ಚಿಬಿಟ್ಟಿರುತ್ತದೆ.

ಆ ದೊರೆಯ ಹೆಸರು ಕ್ರೀಸಸ್. ಏಷ್ಯಾ ಮೈನರಿನ ಪಶ್ಚಿಮ ಭಾಗದಲ್ಲಿ, ಈಗಿನ ತುರ್ಕಿ ದೇಶದಲ್ಲಿ, ಲಿಡಿಯವೆಂಬ ರಾಜ್ಯವಿದ್ದಿತು. ಸಾರ್ಡಿಸ್ ಅದರ ರಾಜಧಾನಿ. ಕ್ರೀಸಸನು ಕ್ರಿ. ಪೂ. 560ರ ಸುಮಾರಿನಲ್ಲಿ, ತನ್ನ 35ನೆಯ ವಯಸ್ಸಿನಲ್ಲಿ, ಪಟ್ಟಕ್ಕೆ ಬಂದು 14 ವರ್ಷ ಆಳಿದನು. ಸಮುದ್ರತೀರದ ಗ್ರೀಕ್ ಪಟ್ಟಣಗಳು ಅವನಿಗೆ ಕಪ್ಪವನ್ನು ಕೊಡುತ್ತಿದ್ದುವು. ಸಾರ್ಡಿಸಿನಲ್ಲಿ ಹರಿಯುತ್ತಿದ್ದ ಪ್ಯಾಕ್ಟೋಲಸ್ ಎಂಬ ಸಣ್ಣ ಹೊಳೆಯ ಮರಳಿನಲ್ಲಿ ಹೊನ್ನಿನ ಕಣಗಳು ದೊರೆಯುತ್ತಿದ್ದುವು. ಆ ಹೊನ್ನು ಚೊಕ್ಕವಾದುದಲ್ಲ, ಬೆಳ್ಳಿ ಬೆರೆತದ್ದು. 1968ರಲ್ಲಿ ಅಮೆರಿಕದ ಪ್ರಾಕ್ತನ ಶೋಧಕರು ಆ ಹೊಳೆಯ ಬಳಿ ಅಗೆದಾಗ, ಹೊನ್ನನ್ನು ಶೋಧಿಸುತ್ತಿದ್ದ ಕುಲುಮೆಗಳು ನೆಲದಡಿಯಿಂದ ಹೊರಬಂದುವು. ತೆಳ್ಳಗೆ ಬಡಿದ ತಗಡುಗಳನ್ನು ಉಪ್ಪಿನೊಡನೆ ಮಡಕೆಯಲ್ಲಿಟ್ಟು ಬಹಳ ಹೊತ್ತು ಕಾಯಿಸಿದರೆ ಬೆಳ್ಳಿಯು ಬೇರ್ಪಟ್ಟು ಚಿನ್ನ ಉಳಿಯುತ್ತಿದ್ದಿತು. ಹೀಗೆ ಬೇರ್ಪಡಿಸಿದ ಚಿನ್ನ ಬೆಳ್ಳಿಗಳಿಂದ ಬೇರೆ ಬೇರೆ ನಾಣ್ಯಗಳನ್ನು ಅಚ್ಚು ಹಾಕಿಸಿದವರಲ್ಲಿ ಕ್ರೀಸಸನೇ ಮೊದಲಿಗನೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಸಿಂಹವೂ ಹೋರಿಯೂ ಎದುರುಬದುರಾಗಿ ನಿಂತಿರುವ ಆ ನಾಣ್ಯಗಳನ್ನು ಈಗಲೂ ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು. ಗ್ರೀಸಿನ ಡೆಲ್ಫಿಯಲ್ಲಿ ಅಪಾಲೋ ದೇವರ ಗುಡಿಯೊಂದಿದ್ದಿತು. ಅಲ್ಲಿ ದೇವರು ಪೂಜಾರಿಣಿಯ ಬಾಯಿಂದ ಕಣಿ ನುಡಿಯುತ್ತಾನೆಂದು ಜನ ನಂಬಿದ್ದರು. ಆ ಗುಡಿಗೆ ಕ್ರೀಸಸನು ಕಳುಹಿಸಿದ ಕಾಣಿಕೆಯ ಪಟ್ಟಿಯನ್ನು ಹೆರೊಡೋಟಸನು ಲೆಕ್ಕದವನಂತೆ ಬರೆದಿಟ್ಟಿದ್ದಾನೆ: 117 ಹೊನ್ನಿನ ಇಟ್ಟಿಗೆಗಳು, ಅವುಗಳಲ್ಲಿ ನಾಲ್ಕು ಅಪರಂಜಿಯವು, 10 ಟ್ಯಾಲೆಂಟ್, ಎಂದರೆ ಸುಮಾರು 260 ಕಿಲೋಗ್ರಾಂ ತೂಕದ ಒಂದು ಬಂಗಾರದ ಸಿಂಹ, ಬಾನಿಗಳಂತಿದ್ದ ಚಿನ್ನ ಬೆಳ್ಳಿಯ ಪಾತ್ರೆಗಳು. ನಾವು ಕುಬೇರನ ಹೆಸರನ್ನು ಹೇಳುವ ಕಡೆಯಲ್ಲಿ ಐರೋಪ್ಯರು ಇಂದಿಗೂ ಕ್ರೀಸಸನ ಹೆಸರನ್ನು ಹೇಳುತ್ತಾರೆ.

ಇಂಥವನ ಆಸ್ಥಾನಕ್ಕೆ ಅಥೆನ್ಸ್ ಪಟ್ಟಣದ ಸೋಲನ್ ಬಂದನು. ಸೋಲನನು ಕವಿ, ಶಾಸನಕರ್ತ, ಜ್ಞಾನಿಯೆಂದು ಗ್ರೀಕರಲ್ಲೆಲ್ಲ ಹೆಸರಾದವನು. ದೊರೆ ಅವನನ್ನು ಅರಮನೆಯಲ್ಲಿಳಿಸಿ ಸತ್ಕರಿಸಿದನು. ಮೂರನೆಯ ದಿನವೋ ನಾಲ್ಕನೆಯ ದಿನವೋ ಸೇವಕರು ಅತಿಥಿಯನ್ನು ಭಂಡಾರಗಳಿಗೆ ಕರೆದೊಯ್ದು, ಒಂದೊಂದು ಕೋಣೆಯನ್ನೂ ತೆರೆದು ತೋರಿಸಿದರು. ಎಲ್ಲವನ್ನೂ ನೋಡಿಯಾದ ಮೇಲೆ ದೊರೆಯು ಕೇಳಿದನು: ಜ್ಞಾನಕ್ಕಾಗಿ ನಾನಾ ದೇಶಗಳನ್ನು ಸುತ್ತಿದವನಲ್ಲವೆ ನೀನು, ನೀನು ಕಂಡವರಲ್ಲೆಲ್ಲ ಅತ್ಯಂತ ಸುಖಿಯಾದವನು ಯಾರು? ಉತ್ತರ ಏನು ಬರಬೇಕೆಂಬುದನ್ನು ಕೇಳುವಾಗಲೇ ದೊರೆ ನಿಶ್ಚಯಿಸಿಕೊಂಡಿದ್ದನು. ಅಧಿಕಾರದಲ್ಲಿರುವವರು ಪ್ರಶ್ನೆ ಕೇಳುವ ರೀತಿ ಸಾಮಾನ್ಯವಾಗಿ ಹೀಗೆಯೇ.

ಸೋಲನನು ಅಥೆನ್ಸಿನ ಟೆಲ್ಲಸ್ ಎಂದನು.

ದೊರೆಗೆ ಆಶ್ಚರ್ಯವಾಯಿತು, ಆ ಹೆಸರನ್ನು ಅವನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಟೆಲ್ಲಸನು ದೊರೆಯಲ್ಲ, ಸೇನಾಪತಿಯಲ್ಲ, ಕವಿಯಲ್ಲ; ಈ ಕಥೆಯಿಂದ ಬಂದ ಕೀರ್ತಿಯ ಹೊರತು ಅವನಿಗೆ ಬೇರೆ ಕೀರ್ತಿಯಿಲ್ಲ. ಸೋಲನನು ಕಾರಣಗಳನ್ನು ವಿವರಿಸಿದನು. ಟೆಲ್ಲಸನ ಕಾಲದಲ್ಲಿ ಅವನ ಪಟ್ಟಣವು ಒಳ್ಳೆಯ ಸ್ಥಿತಿಯಲ್ಲಿದ್ದಿತು. ಅವನಿಗೆ ಗುಣವಂತರಾದ ಗಂಡುಮಕ್ಕಳಿದ್ದರು. ಅವರೆಲ್ಲರಿಗೂ ಮಕ್ಕಳಾದುದನ್ನು ಅವನು ಕಣ್ಣಾರೆ ಕಂಡನು, ಆ ಮಕ್ಕಳಲ್ಲಿ ಒಂದೂ ತೀರಿಕೊಳ್ಳಲಿಲ್ಲ. ಅಥೆನ್ಸಿನವರ ಅಳತೆಯಿಂದ ಹೇಳುವುದಾದರೆ ಅವನು ಅನುಕೂಲವಂತನಾಗಿದ್ದನು. ಕೊನೆಯಲ್ಲಿ ಎಲ್ಯೂಸಿಸ್ ಎಂಬಲ್ಲಿ ನೆರೆನಾಡಿನವರೊಡನೆ ಯುದ್ಧವಾದಾಗ, ಅವನು ತನ್ನವರ ಸಹಾಯಕ್ಕೆ ಹೋಗಿ, ವೈರಿಗಳನ್ನು ಓಡಿಸಿ, ಅಲ್ಲಿಯೇ ಮಡಿದನು. ಪಟ್ಟಣದವರು ಅವನು ಬಿದ್ದ ಸ್ಥಳದಲ್ಲಿಯೇ ಸಾರ್ವಜನಿಕವಾಗಿ ಸಂಸ್ಕಾರ ಮಾಡಿ ಗೌರವಿಸಿದರು.

ಇಷ್ಟೇ ಟೆಲ್ಲಸನ ಚರಿತ್ರೆ. ಇದರಲ್ಲಿ ನಮ್ಮ ಹಳ್ಳಿಯ ಹಿರಿಯರಿಗೆ ಅರ್ಥವಾಗದ ಮಾತು ಒಂದೂ ಇಲ್ಲ. ಮಕ್ಕಳು ಮೊಮ್ಮಕ್ಕಳನ್ನು ಕಾಣುವಂತಾಗಲಿ, ಅವರ ಕೈಯಲ್ಲಿ ಕಣ್ಣುಮುಚ್ಚುವಂತಾಗಲಿ ಎಂದು ಅವರು ಹರಸುವುದೂ ಇದನ್ನೇ. ಊರಿಗಾಗಿ ಬಿದ್ದವನಿಗೆ ಊರವರು ಕಲ್ಲು ನಿಲ್ಲಿಸುವುದೂ ವೀರಗಲ್ಲುಗಳಿರುವ ನಮ್ಮ ನಾಡಿಗೆ ಹೊಸದಲ್ಲ. ಸೋಲನನು ಹಣವನ್ನು ಹಳಿಯಲಿಲ್ಲವೆಂಬುದನ್ನೂ ಗಮನಿಸಬೇಕು. ಟೆಲ್ಲಸನಿಗೆ ಅನುಕೂಲವಿದ್ದಿತೆಂದು ಅವನು ಒಪ್ಪುತ್ತಾನೆ. ತಮ್ಮ ಊರಿನ ಅಳತೆಯಿಂದ ಎಂಬ ಒಂದು ಮಾತನ್ನು ಸೇರಿಸುತ್ತಾನೆ, ಅಷ್ಟೆ. ಆ ಒಂದು ಮಾತಿನಲ್ಲಿ ಸಾರ್ಡಿಸಿನ ಭಂಡಾರವೆಲ್ಲ ಅಳತೆಗೆ ಮೀರಿದ್ದು, ಆದುದರಿಂದ ಲೆಕ್ಕಕ್ಕೆ ಸಿಕ್ಕದ್ದು, ಎಂದಾಗಿ ಹೋಯಿತು.

ಹೋಗಲಿ, ಎರಡನೆಯ ಸ್ಥಾನವಾದರೂ ದೊರೆತೀತೆಂದು ದೊರೆ ಮತ್ತೆ ಕೇಳಿದನು. ಸೋಲನನು ಆರ್ಗಾಸ್ ಪಟ್ಟಣದ ಕ್ಲಿಯೋಬಿಸ್, ಬಿಟಾನ್ ಎಂಬ ಅಣ್ಣತಮ್ಮಂದಿರ ಹೆಸರನ್ನು ಹೇಳಿದನು. ಅವರಿಗೆ ಜೀವನಕ್ಕೆ ಸಾಕಾಗುವಷ್ಟಿದ್ದಿತು; ಮೈಯಲ್ಲಿ ಒಳ್ಳೆಯ ಕಸುವಿದ್ದಿತು; ಇಬ್ಬರೂ ಪಂದ್ಯಗಳಲ್ಲಿ ಗೆದ್ದವರು. ಒಮ್ಮೆ ಹೀರಾ ದೇವಿಯ ಉತ್ಸವಕ್ಕೆ ಅವರ ತಾಯಿ ಗಾಡಿಯಲ್ಲಿ ಹೋಗಲೇಬೇಕಾಗಿದ್ದಿತು. ಹೊಲದಿಂದ ಎತ್ತುಗಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹುಡುಗರು ತಾವೇ ನೊಗಕ್ಕೆ ಹೆಗಲು ಕೊಟ್ಟು ಸುಮಾರು 5 ಮೈಲಿ ದೂರ ಗಾಡಿಯನ್ನೆಳೆದು ತಾಯಿಯನ್ನು ಗುಡಿಗೆ ತಂದು ಮುಟ್ಟಿಸಿದರು. ಸುತ್ತ ನೆರೆದ ಗಂಡಸರು ಹುಡುಗರ ಬಲವನ್ನು ಹೊಗಳಿದರು. ಹೆಂಗಸರು ಇಂಥ ಮಕ್ಕಳನ್ನು ಪಡೆದ ತಾಯಿಯನ್ನು ಹೊಗಳಿದರು. ತಾಯಿಯು ಹಿಗ್ಗಿ, ದೇವಿಯ ಮುಂದೆ ನಿಂತು, ಮನುಷ್ಯನಿಗೆ ಯಾವುದು ಅತ್ಯುತ್ತಮವೋ ಅದನ್ನು ತನ್ನ ಮಕ್ಕಳಿಗೆ ಕರುಣಿಸೆಂದು ಬೇಡಿದಳು. ಪೂಜೆಯಾಯಿತು, ಊಟವಾಯಿತು, ಹುಡುಗರು ಗುಡಿಯಲ್ಲಿಯೇ ಮಲಗಿದರು. ಅವರು ಮತ್ತೆ ಏಳಲಿಲ್ಲ.

ಈಗ ದೊರೆಗೆ ಕೋಪ ಬಂದಿತು. ತನ್ನ ಸುಖವು ಇಂಥ ಸಾಧಾರಣರ ಸುಖಕ್ಕೂ ಸಮವಲ್ಲವೆ ಎಂದು ಕೇಳಿದನು. ಅದಕ್ಕೆ ಸೋಲನನು ಒಂದು ಲೆಕ್ಕವನ್ನು ಮಾಡಿ ತೋರಿಸಿದನು. ಮನುಷ್ಯನ ಆಯುಸ್ಸು 70 ವರ್ಷವೆಂದು ಇಟ್ಟುಕೊಂಡರೆ, ಅಧಿಕಮಾಸಗಳೂ ಸೇರಿ 26,250 ದಿನಗಳಾಗುತ್ತವೆ. ಅವುಗಳಲ್ಲಿ ಒಂದು ದಿನ ತಂದದ್ದನ್ನು ಇನ್ನೊಂದು ದಿನ ತರುವುದಿಲ್ಲ. (ಭಾಗಿಸಿ ನೋಡಿದರೆ ವರ್ಷಕ್ಕೆ 375 ದಿನ ಬೀಳುತ್ತದೆ, ಅಧಿಕಮಾಸವನ್ನು ಎರಡು ವರ್ಷಕ್ಕೊಮ್ಮೆ ತಪ್ಪದೆ ಹಾಕಿದ್ದರ ಫಲವಿದು. ನಮ್ಮ ಪಂಚಾಂಗದವರು ಇದನ್ನು ಒಪ್ಪಲಾರರು.) ಆದುದರಿಂದ ಐಶ್ವರ್ಯವಂತನನ್ನು ಅದೃಷ್ಟವಂತನೆನ್ನಬಹುದು, ಸುಖಿಯೆನ್ನಬೇಕಾದರೆ ಅವನ ಕೊನೆಯನ್ನು ನೋಡುವವರೆಗೂ ತಡೆಯಬೇಕು. ದೊರೆಯು ಇವನೊಬ್ಬ ಅವಿವೇಕಿಯೆಂದು ತಿಳಿದು, ಮರ್ಯಾದೆ ಮಾಡದೆ ಕಳುಹಿಸಿಬಿಟ್ಟನು.

ಲೋಕವು ಈ ಕಥೆಯಿಂದ ನೆನಪಿನಲ್ಲಿಟ್ಟುಕೊಂಡದ್ದು ಆ ಕೊನೆಯ ಮಾತನ್ನು ಮಾತ್ರ. ನಮಗೆ ಶಾಲೆಯಲ್ಲಿ ಇದನ್ನು ಹೇಳಿಕೊಟ್ಟ ಉಪಾಧ್ಯಾಯರೂ ಸಾವಿನವರೆಗೆ ಯಾರನ್ನೂ ಸುಖಿಯೆನ್ನಬೇಡ ಎಂಬುದನ್ನು ಸೂಕ್ತಿಯಂತೆ ಬಾಯಿಪಾಠ ಮಾಡಿಸಿದರು. ಟೆಲ್ಲಸನ ಹೆಸರನ್ನು ಎತ್ತಿದ ನೆನಪಿಲ್ಲ. ಆದರೆ ಆ ಸೂಕ್ತಿಯು ಪ್ರಶ್ನೆಗೆ ಉತ್ತರವೇ ಅಲ್ಲ; ಯಾವಾಗ ತೀರ್ಪು ಹೇಳಬೇಕೆಂಬುದನ್ನು ಮಾತ್ರ ಅದು ಹೇಳುತ್ತದೆ. ತೀರ್ಪು ಯಾವುದನ್ನು ನೋಡಿ ಹೇಳಬೇಕೆಂಬುದು ಟೆಲ್ಲಸನ ಬಾಳಿನಲ್ಲಿದೆ. ಸೂಕ್ತಿಯು ಕಥೆಯನ್ನು ನುಂಗಿತು ಎನ್ನೋಣವೆ?

ಇಲ್ಲಿ ಚರಿತ್ರಕಾರನು ಕೇಳಬೇಕಾದ ಒಂದು ಮಾತಿದೆ. ಈ ಭೇಟಿ ನಿಜವಾಗಿಯೂ ನಡೆಯಿತೆ? ಸೋಲನನು ಅಥೆನ್ಸಿನ ಮುಖ್ಯಾಧಿಕಾರಿಯಾಗಿದ್ದುದು ಕ್ರಿ. ಪೂ. 594ರಲ್ಲಿ. ಶಾಸನಗಳನ್ನು ಮಾಡಿದ ಬಳಿಕ ಹತ್ತು ವರ್ಷ ಅವನು ದೇಶಸಂಚಾರ ಮಾಡಿದನೆಂದು ಪ್ರತೀತಿ. ಕ್ರೀಸಸನು ಪಟ್ಟಕ್ಕೆ ಬಂದುದಾದರೋ ಸುಮಾರು 560ರಲ್ಲಿ. ನಡುವೆ ಇಪ್ಪತ್ತು ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಈ ತೊಡಕು ಪ್ರಾಚೀನರಿಗೂ ತಿಳಿದಿದ್ದಿತು. ಸೋಲನನ ಚರಿತ್ರೆಯನ್ನು ಬರೆದ ಪ್ಲೂಟಾರ್ಕನು, ಕಾಲಗಣನೆಯನ್ನು ಹಿಡಿದು ಕೆಲವರು ಇದನ್ನು ಕಟ್ಟುಕಥೆಯೆನ್ನುತ್ತಾರೆಂದು ಒಪ್ಪಿಕೊಂಡು, ಇಷ್ಟು ಹೆಸರುವಾಸಿಯಾದ, ಸೋಲನನ ಸ್ವಭಾವಕ್ಕೆ ಇಷ್ಟು ಹೊಂದುವ ಕಥೆಯನ್ನು ಕೋಷ್ಟಕಗಳಿಗಾಗಿ ಬಿಟ್ಟುಕೊಡಲಾರೆನೆಂಬ ಅರ್ಥದ ಮಾತನ್ನು ಹೇಳುತ್ತಾನೆ. ನಾವು ಅಷ್ಟು ಉದಾರಿಗಳಾಗಬೇಕಾಗಿಲ್ಲ. ಕ್ರೀಸಸನ ಕಥೆಯ ಹಳೆಯ ರೂಪಗಳಲ್ಲಿ ಸೋಲನನೇ ಇಲ್ಲ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಒಂದು ಚಿತ್ರಿತ ಮಣ್ಣಿನ ಜಾಡಿಯ ಮೇಲೆ, ಕ್ರೀಸಸನು ಚಿತೆಯ ಮೇಲೆ ಸಿಂಹಾಸನದಲ್ಲಿ ಕುಳಿತು ದೇವರಿಗೆ ಅರ್ಘ್ಯವನ್ನು ಬಿಡುತ್ತಿದ್ದಾನೆ, ಸೇವಕನೊಬ್ಬನು ಬಳಿಯಲ್ಲಿದ್ದಾನೆ. ಆ ಜಾಡಿ ಹೆರೊಡೋಟಸನು ಹುಟ್ಟುವುದಕ್ಕಿಂತ ಮುಂಚಿನದು. ಕ್ರಿ. ಪೂ. 468ರಲ್ಲಿ ಬ್ಯಾಕಿಲಿಡೀಸ್ ಎಂಬ ಕವಿ ರಚಿಸಿದ ಗೀತದಲ್ಲಿಯೂ ಚಿತೆಯುಂಟು, ಮಳೆಯುಂಟು, ದೇವರ ಕರುಣೆಯುಂಟು, ಸೋಲನನಿಲ್ಲ. ಆದುದರಿಂದ ಹೆರೊಡೋಟಸನೋ, ಅವನಿಗೆ ಕಥೆ ಹೇಳಿದ ಗ್ರೀಕರೋ, ಈ ಜ್ಞಾನಿಯನ್ನು ಆ ದೊರೆಯ ಎದುರಿಗೆ ತಂದು ನಿಲ್ಲಿಸಿದರೆಂದು ನಮಗೆ ತೋರುತ್ತದೆ.

ತಂದು ನಿಲ್ಲಿಸಿದ್ದೇ ಆದರೆ, ಸೋಲನನನ್ನೇ ಏಕೆ ಆರಿಸಿದರು? ಗ್ರೀಕರಲ್ಲಿ ಜ್ಞಾನಿಗಳಿಗೆ ಬರವಿರಲಿಲ್ಲ. ಉತ್ತರವು ಸೋಲನನ ಕೆಲಸದಲ್ಲಿದೆಯೆಂದು ನಮ್ಮ ನಂಬಿಕೆ; ಈ ಕೆಲಸದ ವಿಷಯದಲ್ಲಿ ಸಂದೇಹಕ್ಕೆ ಅವಕಾಶ ಕಡಮೆ, ಏಕೆಂದರೆ ಅವನ ಸ್ವಂತ ಪದ್ಯಗಳೇ ಸಾಕ್ಷಿ. ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಅಥೆನ್ಸಿನ ರಾಜ್ಯಪದ್ಧತಿಯೆಂಬ ಗ್ರಂಥದ ಪ್ರತಿಯೊಂದು ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ದೊರೆತು 1891ರಲ್ಲಿ ಅಚ್ಚಾಯಿತು. ಆ ಪದ್ಯಗಳಲ್ಲಿ ಕೆಲವು ಅದರಲ್ಲಿ ಉಳಿದಿವೆ. ಸೋಲನನ ಕಾಲದ ಅಥೆನ್ಸಿನಲ್ಲಿ ಬಡವನು ಸಾಲ ತೆಗೆಯಬೇಕಾದರೆ ತನ್ನ ಮೈಯನ್ನೇ ಒತ್ತೆಯಿಡುತ್ತಿದ್ದನು. ತೀರಿಸಲಾರದೆ ಹೋದರೆ ಅವನೂ ಅವನ ಹೆಂಡಿರು ಮಕ್ಕಳೂ ಸಾಲಗಾರನಿಗೆ ದಾಸರಾಗಬೇಕು. ಕೆಲವರನ್ನು ಹೊರದೇಶಗಳಿಗೆ ಮಾರಿಬಿಡುತ್ತಿದ್ದರು. ಹೊಲಗಳಲ್ಲಿ ಒತ್ತೆಯ ಗುರುತಿನ ಕಲ್ಲುಗಳು ನೆಟ್ಟಿರುತ್ತಿದ್ದುವು. ಸೋಲನನು ಆ ಸಾಲಗಳನ್ನು ರದ್ದು ಮಾಡಿದನು. ಮೈಯನ್ನು ಒತ್ತೆಯಿಟ್ಟು ಸಾಲ ಕೊಡಕೂಡದೆಂದು ಶಾಸನ ಮಾಡಿದನು. ಹೊಲಗಳ ಕಲ್ಲುಗಳನ್ನು ಕೀಳಿಸಿದನು. ಹೊರದೇಶಗಳಿಗೆ ಮಾರಿಹೋಗಿದ್ದ ಅನೇಕರನ್ನು ಮರಳಿ ತಂದೆನೆಂದೂ, ಅವರಲ್ಲಿ ಕೆಲವರು ಬಹುಕಾಲ ಊರೂರು ಅಲೆದು ತಮ್ಮ ನಾಡಿನ ನುಡಿಯನ್ನೇ ಮರೆತಿದ್ದರೆಂದೂ ಅವನು ಪದ್ಯದಲ್ಲಿ ಹೇಳಿಕೊಂಡಿದ್ದಾನೆ. ಹಣವಂತರು ಇದರಿಂದ ಸಿಟ್ಟಾದರು. ಬಡವರು ಭೂಮಿಯನ್ನು ಹಂಚಲಿಲ್ಲವೆಂದು ಸಿಟ್ಟಾದರು. ಎರಡು ಪಕ್ಷಗಳ ಕಾಟವನ್ನು ತಪ್ಪಿಸಿಕೊಳ್ಳುವುದಕ್ಕೇ ಅವನು ಸಂಚಾರಕ್ಕೆ ಹೊರಟದ್ದು.

ಸಾಲದಿಂದ ಮನೆ ಬಿಟ್ಟು, ಪರದೇಶದಲ್ಲಿ ತಾಯ್ನುಡಿಯನ್ನು ಮರೆತವರ ಮುಖವನ್ನು ಕಂಡವನು ಸೋಲನ್. ಸುಖಿ ಯಾರು ಎಂದು ಅವನನ್ನು ಕೇಳಿದರೆ ಪಟ್ಟಣವು ನೆಟ್ಟಗಿದ್ದುದು, ಮಕ್ಕಳು ಉಳಿದದ್ದು, ಇರುವಷ್ಟರಲ್ಲಿ ನಡೆದುಹೋದದ್ದು, ಇವುಗಳನ್ನಲ್ಲದೆ ಬೇರೇನನ್ನು ಅವನು ಹೇಳಿಯಾನು?

ಇಲ್ಲಿ ನಮ್ಮ ದೇಶದ ಇನ್ನೊಂದು ಕಥೆ ನೆನಪಾಗದೆ ಇರುವುದಿಲ್ಲ. ಮಹಾಭಾರತದ ಅರಣ್ಯಪರ್ವದಲ್ಲಿ ಯಕ್ಷನು ಧರ್ಮರಾಯನನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಸಂತೋಷದಿಂದಿರುವವನು ಯಾರು? ಯಾರಿಗೂ ಸಾಲಗಾರನಾಗದೆ, ಮನೆ ಬಿಟ್ಟು ಪರಸ್ಥಳದಲ್ಲಿರದೆ, ಹೊತ್ತು ಮೀರಿಯಾದರೂ ತನ್ನ ಮನೆಯಲ್ಲಿಯೇ ಸೊಪ್ಪು ಬೇಯಿಸಿಕೊಳ್ಳುವವನು ಎಂಬುದು ಧರ್ಮರಾಯನ ಉತ್ತರದ ತಾತ್ಪರ್ಯ. ಸಾಲವಿಲ್ಲದಿರುವುದು, ಪರದೇಶಿಯಾಗದಿರುವುದು, ಸೋಲನನು ಅಥೆನ್ಸಿನವರಿಗೆ ಮಾಡಿಕೊಟ್ಟದ್ದು ಈ ಎರಡನ್ನೇ. ಒಬ್ಬರಿಂದ ಇನ್ನೊಬ್ಬರು ಎರವಲು ತಂದರೆಂದು ನಾವು ಹೇಳುವುದಿಲ್ಲ. ಸಾಲವೂ ವಲಸೆಯೂ ಎಲ್ಲ ದೇಶಗಳ ಬಡವರೂ ಬಲ್ಲ ಸಂಗತಿಗಳು. ನಮ್ಮನ್ನು ಹೆಚ್ಚಾಗಿ ತಡೆದು ನಿಲ್ಲಿಸುವುದು ಉತ್ತರ ಕೊಡುವವನ ಅವಸ್ಥೆ. ಧರ್ಮರಾಯನು ರಾಜ್ಯವನ್ನು ಜೂಜಿನಲ್ಲಿ ಕಳೆದುಕೊಂಡು, ಹನ್ನೆರಡು ವರ್ಷ ಕಾಡಿನಲ್ಲಿ ಅಲೆದು, ನಾಲ್ವರು ತಮ್ಮಂದಿರೂ ಕೊಳದ ದಡದಲ್ಲಿ ಸತ್ತು ಬಿದ್ದಿರುವಾಗ ಈ ಮಾತನ್ನು ಹೇಳುತ್ತಾನೆ. ತನ್ನ ಮನೆಯ ಒಲೆ, ತನ್ನ ಮನೆಯ ಸೊಪ್ಪು! ಇಲ್ಲದವನಿಗೇ ಅದರ ಬೆಲೆ ಅಷ್ಟು ಸ್ಪಷ್ಟವಾಗಿ ಕಾಣುವುದು. ಸೋಲನನ ಉತ್ತರಕ್ಕೂ ಇದಕ್ಕೂ ಒಂದು ಭೇದ ಮಾತ್ರ ಉಂಟು. ಧರ್ಮರಾಯನು ಹೊಸ್ತಿಲಿನ ಒಳಗೆ ನಿಲ್ಲುತ್ತಾನೆ. ಸೋಲನನು ಹೊಸ್ತಿಲನ್ನು ದಾಟಿ ಊರನ್ನೂ ಸೇರಿಸಿಕೊಳ್ಳುತ್ತಾನೆ. ಊರು ಕೆಟ್ಟರೆ ಒಳಗಿನ ಒಲೆಯೂ ಉರಿಯದೆಂಬುದು ಅವನ ಅನುಭವ.

ಸೋಲನನ ಎಣಿಕೆಯನ್ನು ನಾವು ಪೂರ್ತಿಯಾಗಿ ಒಪ್ಪಿದೆವೆಂದಲ್ಲ. ಟೆಲ್ಲಸನ ಹೆಂಡತಿಯ ಮಾತೇ ಅದರಲ್ಲಿಲ್ಲ. ದಾಸರ ಮಾತೂ ಇಲ್ಲ; ಸೋಲನನು ಸಾಲದ ದಾಸ್ಯವನ್ನು ತೆಗೆದನೇ ಹೊರತು ಪರದೇಶದಿಂದ ಕೊಂಡು ತಂದ ದಾಸರನ್ನು ಬಿಡಿಸಲಿಲ್ಲ. ಎಲ್ಲಕ್ಕಿಂತಲೂ ನಮ್ಮನ್ನು ಕಾಡುವುದು ಆರ್ಗಾಸಿನ ತಾಯಿ. ಹೆರೊಡೋಟಸನು ಅವಳ ಹೆಸರನ್ನು ಕೂಡ ಹೇಳುವುದಿಲ್ಲ. ಅವಳು ಕೈಡಿಪ್ಪೆಯೆಂಬುದು ಬಹುಕಾಲದ ಮೇಲಿನ ಲೇಖಕರಿಂದ ನಮಗೆ ತಿಳಿಯುವ ಮಾತು. ಆ ಸಾಯಂಕಾಲ ಗುಡಿಯಂಗಳದಲ್ಲಿ ನೆರೆದವರೆಲ್ಲರ ಮುಂದೆ ಅವಳಷ್ಟು ಸುಖಿಯಾದವರು ಇನ್ನೊಬ್ಬರಿರಲಿಲ್ಲ. ಮರುದಿನ ಬೆಳಗ್ಗೆ ಮಕ್ಕಳನ್ನು ಎಬ್ಬಿಸಲು ಅವಳು ಬಂದಿರಬೇಕು. ಹಿಂದಿರುಗುವಾಗ ಆ ಗಾಡಿಯನ್ನು ಎಳೆದವರು ಯಾರು? ಕಥೆಗಾರನು ಅದನ್ನು ಹೇಳುವುದಿಲ್ಲ. ಸತ್ತವರಿಬ್ಬರಿಗೂ ಸುಖವೆಂದು ತೀರ್ಪು ಕೊಟ್ಟು ಮುಂದಕ್ಕೆ ಹೋಗುತ್ತಾನೆ. ಟೆಲ್ಲಸನ ಕಥೆಯಲ್ಲಿ ಮಕ್ಕಳು ತಂದೆಯನ್ನು ಕಳುಹಿಸಿಕೊಟ್ಟರು. ಇಲ್ಲಿ ತಾಯಿ ಮಕ್ಕಳನ್ನು ಕಳುಹಿಸಿಕೊಡಬೇಕಾಯಿತು. ಎರಡನ್ನೂ ಒಂದೇ ಹೆಸರಿನಿಂದ ಕರೆಯಲು ನಮಗೆ ಮನಸ್ಸು ಬಾರದು. ಗ್ರೀಕರು ಒಂದನೆಯದು ಎರಡನೆಯದು ಎಂದು ಸ್ಥಾನಗಳನ್ನಾದರೂ ಬೇರೆ ಮಾಡಿದರಲ್ಲ, ಅದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಕ್ರೀಸಸನಿಗೆ ಈ ವ್ಯತ್ಯಾಸವು ಬೇಗನೆ ತಿಳಿಯಿತು. ಅವನಿಗೆ ಇಬ್ಬರು ಗಂಡುಮಕ್ಕಳು, ಒಬ್ಬನು ಮೂಕ. ಇನ್ನೊಬ್ಬನಾದ ಆಟಿಸನು ಕಬ್ಬಿಣದ ಮೊನೆಯಿಂದ ಸಾಯುವನೆಂದು ದೊರೆ ಕನಸು ಕಂಡು, ಗೋಡೆಗಳಲ್ಲಿ ತೂಗುಹಾಕಿದ್ದ ಭರ್ಜಿಗಳನ್ನೆಲ್ಲ ತೆಗೆಸಿ ಕೋಣೆಗಳಲ್ಲಿ ಸೇರಿಸಿಟ್ಟನು. ಅದೇ ಕಾಲದಲ್ಲಿ ಅಡ್ರಾಸ್ಟಸನೆಂಬವನು, ಅರಿಯದೆ ಅಣ್ಣತಮ್ಮನನ್ನು ಕೊಂದ ದೋಷಕ್ಕಾಗಿ ದೇಶಭ್ರಷ್ಟನಾಗಿ, ಸಾರ್ಡಿಸಿಗೆ ಬಂದನು. ದೊರೆ ಅವನಿಗೆ ಪ್ರಾಯಶ್ಚಿತ್ತ ಮಾಡಿಸಿ, ಮನೆಯಲ್ಲಿಟ್ಟುಕೊಂಡು, ಕಾಡುಹಂದಿಯ ಬೇಟೆಗೆ ಹೋಗಲು ಹಟ ಹಿಡಿದ ಮಗನ ಕಾವಲಿಗೆಂದು ಅವನನ್ನೇ ಕಳುಹಿಸಿದನು. ಹಂದಿಗೆಂದು ಎಸೆದ ಅವನ ಭರ್ಜಿ ಗುರಿತಪ್ಪಿ ಆಟಿಸನಿಗೆ ನಾಟಿತು. ತಂದೆಯು ಕೊಂದವನನ್ನು ಕ್ಷಮಿಸಿದನು. ಅಡ್ರಾಸ್ಟಸನಿಗೆ ತನ್ನನ್ನು ತಾನು ಕ್ಷಮಿಸಿಕೊಳ್ಳಲಾಗಲಿಲ್ಲ, ಗೋರಿಯ ಮೇಲೆ ಪ್ರಾಣ ಬಿಟ್ಟನು. ಎರಡು ವರ್ಷ ದೊರೆ ಶೋಕದಲ್ಲಿ ಕುಳಿತಿದ್ದನು. ಭಂಡಾರದಿಂದ ಒಂದು ನಾಣ್ಯವೂ ಕಡಮೆಯಾಗಿರಲಿಲ್ಲವೆಂಬುದನ್ನು ನೆನೆಯಬೇಕು.

ಅವನನ್ನು ಶೋಕದಿಂದ ಎಬ್ಬಿಸಿದ್ದು ರಾಜಕಾರಣ. ಪೂರ್ವದಲ್ಲಿ ಪಾರಸೀಕರ ಸೈರಸ್ ಬೆಳೆಯುತ್ತಿದ್ದನು. ಕ್ರೀಸಸನು ಡೆಲ್ಫಿಯಲ್ಲಿ ಕಣಿ ಕೇಳಿಸಿದನು. ಪಾರಸೀಕರ ಮೇಲೆ ದಂಡೆತ್ತಿದರೆ ಒಂದು ದೊಡ್ಡ ರಾಜ್ಯವನ್ನು ನಾಶಮಾಡುವೆಯೆಂದು ಉತ್ತರ ಬಂದಿತು. ಯಾರ ರಾಜ್ಯವೆಂದು ಅವನು ಮತ್ತೆ ಕೇಳಿಸಲಿಲ್ಲ. ಹ್ಯಾಲಿಸ್ ನದಿಯನ್ನು ದಾಟಿ ಯುದ್ಧ ಮಾಡಿ, ಜಯವೂ ಇಲ್ಲದೆ ಅಪಜಯವೂ ಇಲ್ಲದೆ ಹಿಂದಿರುಗಿದನು. ಸೈರಸನು ಬೆನ್ನಟ್ಟಿ ಬಂದನು. 14 ದಿನಗಳ ಮುತ್ತಿಗೆಯಲ್ಲಿ ಸಾರ್ಡಿಸ್ ಬಿದ್ದಿತು. ಕ್ರಿ. ಪೂ. 546 ಎಂಬುದು ರೂಢಿಯ ತಾರೀಖು.

ಮುಂದಿನದು ಎಲ್ಲರೂ ಬಲ್ಲ ದೃಶ್ಯ. ಚಿತೆಯ ಮೇಲೆ ನಿಂತ ಕ್ರೀಸಸನು ಮೂರು ಸಲ ಸೋಲನನ ಹೆಸರನ್ನು ಕೂಗಿದನು. ದುಭಾಷಿಗಳಿಂದ ಅರ್ಥವನ್ನು ತಿಳಿದುಕೊಂಡ ಸೈರಸನ ಮನಸ್ಸು ಕರಗಿತು. ಬೆಂಕಿಯನ್ನು ಆರಿಸಲು ಜನರಿಂದಾಗದೆ ಮಳೆ ಬಂದು ಆರಿಸಿತು. ಇದು ಕಾವ್ಯವೇ ಹೊರತು ಚರಿತ್ರೆಯಲ್ಲ. ಕ್ರೀಸಸನ ನಿಜವಾದ ಅಂತ್ಯವು ಯಾವುದೆಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿಲ್ಲ. ಬ್ಯಾಬಿಲೋನಿಯದ ಮಣ್ಣಿನ ಹಲಗೆಯೊಂದರಲ್ಲಿ, ಕ್ರಿ. ಪೂ. 547ರಲ್ಲಿ ಸೈರಸನು ಒಂದು ದೇಶಕ್ಕೆ ನಡೆದು ಅದರ ದೊರೆಯನ್ನು ಕೊಂದನೆಂದಿದೆ. ಆ ದೇಶದ ಹೆಸರಿರುವ ಜಾಗವೇ ಮುಕ್ಕಾಗಿದೆ. ಹಿಂದೆ ವಿದ್ವಾಂಸರು ಅದನ್ನು ಲಿಡಿಯವೆಂದು ಓದುತ್ತಿದ್ದರು. ಈಚೆಗೆ ಹಲವರು ಉರಾರ್ಟು ಎಂದು ಓದುತ್ತಾರೆ.

ಆದರೆ ಕಾವ್ಯದಲ್ಲಿ ಒಂದು ಮಾತಿದೆ. ಚಿತೆಯ ಮಳೆಯ ಗದ್ದಲದಲ್ಲಿ ಜನರ ಕಿವಿಗೆ ಅದು ಬೀಳುವುದಿಲ್ಲ. ಚಿತೆಯಿಂದಿಳಿದವನನ್ನು ಸೈರಸನು, ನನ್ನ ಮೇಲೆ ದಂಡೆತ್ತಿ ಬರುವಂತೆ ನಿನಗೆ ಬೋಧಿಸಿದವರು ಯಾರು ಎಂದು ಕೇಳುತ್ತಾನೆ. ಕ್ರೀಸಸನು ಮೊದಲು ದೇವರ ಮೇಲೆ ತಪ್ಪು ಹೊರಿಸುತ್ತಾನೆ. ಅನಂತರ, ಶಾಂತಿಯನ್ನು ಬಿಟ್ಟು ಯುದ್ಧವನ್ನು ಬಯಸುವಷ್ಟು ಬುದ್ಧಿಗೇಡಿ ಯಾರೂ ಇಲ್ಲವೆಂದು ಹೇಳಿ, ಅದಕ್ಕೆ ಕಾರಣವನ್ನೂ ಕೊಡುತ್ತಾನೆ: ಶಾಂತಿಯ ಕಾಲದಲ್ಲಿ ತಂದೆಯರ ಉತ್ತರಕ್ರಿಯೆ ಮಕ್ಕಳಿಂದ ನಡೆಯುತ್ತದೆ, ಯುದ್ಧಕಾಲದಲ್ಲಿ ಮಕ್ಕಳದು ತಂದೆಯರ ಪಾಲಿಗೆ ಬರುತ್ತದೆ. ಈ ಮಾತಿನಲ್ಲಿ ಅವನು ಸೋಲನನ ಸೂಕ್ತಿಯನ್ನು ಬಿಟ್ಟು ಟೆಲ್ಲಸನ ಹತ್ತಿರಕ್ಕೆ ಬಂದಿದ್ದಾನೆ. ಅಥೆನ್ಸಿನ ಆ ಅನಾಮಧೇಯನಿಗಿದ್ದು ತನಗಿಲ್ಲದೆ ಹೋದದ್ದು ಏನೆಂಬುದು ಅವನಿಗೆ ಈಗ ಗೊತ್ತು. ತನ್ನೊಬ್ಬನದಲ್ಲದೆ, ತನ್ನ ದಂಡಯಾತ್ರೆಯಲ್ಲಿ ಬಿದ್ದ ಲಿಡಿಯದ ಹುಡುಗರ ತಂದೆಗಳದೂ ಅವನ ಲೆಕ್ಕಕ್ಕೆ ಬಂದಿದೆ.

ಸುಮಾರು 200 ವರ್ಷಗಳ ಮೇಲೆ ಅರಿಸ್ಟಾಟಲನು ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡನು. ಸತ್ತ ಮೇಲೆಯೇ ಸುಖಿಯೆನ್ನಬೇಕೆಂಬುದು ಅವನಿಗೆ ಅಸಂಬದ್ಧವಾಗಿ ಕಂಡಿತು. ಸುಖವೆಂಬುದು ಬದುಕಿ ಮಾಡುವ ಕೆಲಸವಾದರೆ ಅದು ಹೆಣಕ್ಕೆ ಹೇಗೆ ಬಂದೀತು? ಅದೃಷ್ಟವನ್ನೇ ಹಿಂಬಾಲಿಸಿ ಹೋದರೆ ಒಬ್ಬನನ್ನೇ ಇಂದು ಸುಖಿಯೆಂದು ನಾಳೆ ದುಃಖಿಯೆಂದು, ಊಸರವಳ್ಳಿಯಂತೆ ಬಣ್ಣ ಬದಲಾಯಿಸುತ್ತ ಹೇಳಬೇಕಾಗುತ್ತದೆ. ಆದರೆ ಅದೇ ಗ್ರಂಥದ ಕೊನೆಯ ಭಾಗದಲ್ಲಿ ಅವನು ಸೋಲನನ ಪರವಾಗಿಯೇ ನಿಲ್ಲುತ್ತಾನೆ: ಮಿತವಾದ ಅನುಕೂಲವಿದ್ದು ಒಳ್ಳೆಯ ಕೆಲಸ ಮಾಡಿದವರನ್ನು ಸುಖಿಗಳೆಂದು ಸೋಲನನು ಬಣ್ಣಿಸಿದ್ದು ಸರಿಯೇ, ಭೂಮಿಯನ್ನೂ ಸಮುದ್ರವನ್ನೂ ಆಳದೆಯೇ ಸತ್ಕಾರ್ಯ ಮಾಡಬಹುದು ಎಂದು. ದೊಡ್ಡ ತಾರ್ಕಿಕನು ಕೂಡ ಸೂಕ್ತಿಯನ್ನು ಖಂಡಿಸಿ ಟೆಲ್ಲಸನನ್ನು ಉಳಿಸಿಕೊಂಡನೆಂಬುದು ನಮಗೆ ಸಮಾಧಾನ.

ಕ್ರೀಸಸನು ಡೆಲ್ಫಿಗೆ ಕೊಟ್ಟ ಹೊನ್ನು ಸುಮಾರು ಎರಡು ಶತಮಾನ ಅಲ್ಲಿದ್ದಿತು. ಹಳೆಯ ಗುಡಿ ಸುಟ್ಟುಹೋದಾಗ ಬಂಗಾರದ ಸಿಂಹವು ಕರಗಿ ಮೂರೂವರೆ ಟ್ಯಾಲೆಂಟ್ ಕಡಮೆಯಾಯಿತೆಂದು ಹೆರೊಡೋಟಸನೇ ಬರೆದಿದ್ದಾನೆ. ಕ್ರಿ. ಪೂ. 356ರಲ್ಲಿ ಡೆಲ್ಫಿಗಾಗಿಯೇ ಗ್ರೀಕರಲ್ಲಿ ಯುದ್ಧ ಹತ್ತಿಕೊಂಡಿತು. ಹತ್ತು ವರ್ಷ ನಡೆದ ಆ ಯುದ್ಧದಲ್ಲಿ ಗುಡಿಯನ್ನು ಹಿಡಿದುಕೊಂಡಿದ್ದ ಫೋಕಿಸ್ ನಾಡಿನವರು ಆ ಇಟ್ಟಿಗೆಗಳನ್ನು ಕರಗಿಸಿ, ನಾಣ್ಯ ಮಾಡಿ, ಕೂಲಿಯ ಸೈನಿಕರಿಗೆ ಸಂಬಳ ಹಂಚಿದರು. ಟೆಲ್ಲಸನ ಗೋರಿಯ ಗುರುತೂ ಇಂದು ಎಲ್ಲಿಯೂ ಇಲ್ಲ. ಆದರೆ 1893ರಲ್ಲಿಯೂ ಮರುವರ್ಷವೂ ಡೆಲ್ಫಿಯ ಅಗೆತದಲ್ಲಿ ಒಂದೇ ತೆರನಾದ ಎರಡು ಯುವಕರ ಕಲ್ಲಿನ ವಿಗ್ರಹಗಳು ದೊರೆತುವು. ಆರ್ಗಾಸಿನವರು ಕ್ಲಿಯೋಬಿಸ್ ಬಿಟಾನರ ವಿಗ್ರಹಗಳನ್ನು ಮಾಡಿಸಿ ಡೆಲ್ಫಿಗೆ ಒಪ್ಪಿಸಿದರೆಂದು ಹೆರೊಡೋಟಸನು ಹೇಳಿರುವುದರಿಂದ, ಅವರೇ ಇವರೆಂದು ಹಲವರ ನಂಬಿಕೆ. ಅಲ್ಲ, ಇವರು ಅವಳಿದೇವತೆಗಳೆಂದು ಕೆಲವರ ವಾದ. ಆಳೆತ್ತರವನ್ನು ಮೀರಿದ ಮೈ, ಅಗಲವಾದ ಹೆಗಲು, ಮುಷ್ಟಿ ಬಿಗಿದ ಕೈಗಳು, ಒಂದು ಹೆಜ್ಜೆ ಮುಂದಿಟ್ಟ ಕಾಲು. ಡೆಲ್ಫಿಯ ಸಂಗ್ರಹಾಲಯದಲ್ಲಿ ಅವು ಈಗ ಅಕ್ಕಪಕ್ಕದಲ್ಲಿ ನಿಂತಿವೆ. ತಾಯಿಯ ವಿಗ್ರಹವನ್ನು ಆರ್ಗಾಸಿನವರು ಮಾಡಿಸಿದರೆಂದು ಹೆರೊಡೋಟಸನು ಹೇಳಿಲ್ಲ.